ಮೂಡಿಗೆರೆ ಬಸ್ಸಿನಲ್ಲಿ ಸಿಕ್ಕಿದ ಮೇಡಂಗೆ ಥ್ಯಾಂಕ್ಸ್

ಚಿಕ್ಕಮಗಳೂರಿನಿಂದ ಮೂಡಿಗೆರೆಗೆ ಹೋಗುವ ಬಸ್ಸಿನಲ್ಲಿ ಪಕ್ಕ ಕೂತಿದ್ದ ಮೇಡಂ, ಹೆಸರು ಹೇಳದೆ ಆಲ್ದೂರಿನಲ್ಲಿ ಇಳಿದು ಹೋದಿರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಕೈಯಲ್ಲಿದ್ದ ಚಾರ್ಟ್ ನೋಡಿ ನೀವೇ ಮಾತಿಗೆಳೆದಿರಿ. ನಾನು ಟೀಚರ್, ಒಂದನೇ ಕ್ಲಾಸು, ನಲಿ-ಕಲಿ (ಸರ್ಕಾರಿ ಶಾಲೆಯ ಆಡುತ್ತಾ ಕಲಿಯುವ ಪದ್ಧತಿ) ಮಕ್ಕಳು, ಮನೆಯಲ್ಲಿ ಇಂಗ್ಲಿಷ್ ಕಿವಿಗೇ ಬೀಳುವುದಿಲ್ಲ ಎಂದೆ. ಎಬಿಸಿಡಿ ಹಾಡು ಇರಲಿ, ಆದರೆ ಓದಿಸುವಾಗ ಅಕ್ಷರದ ಹೆಸರಲ್ಲ, ಅದರ ಸದ್ದು ಹೇಳಿಕೊಡಿ ಅಂದಿರಿ. ಚಾರ್ಟ್ ಹಿಂದೆಯೇ ಆರು ಅಕ್ಷರ ಬರೆದುಕೊಟ್ಟಿರಿ: ಎಸ್, ಎ, ಟಿ, ಪಿ, ಐ, ಎನ್. ಇಷ್ಟರಲ್ಲೇ ಟ್ಯಾಪ್, ಪಿನ್, ಪ್ಯಾನ್, ಟಿನ್ ಎಲ್ಲ ಆಗುತ್ತದೆ ನೋಡಿ! ಕನ್ನಡದಲ್ಲಿ ಬರೆದ ಹಾಗೆ ಓದುವ ಮಕ್ಕಳಿಗೆ, ಒಂದೇ ಸಿ ಅಕ್ಷರ ಕ್ಯಾಟ್‌ನಲ್ಲಿ ಒಂದು ಥರ, ಸಿಟಿಯಲ್ಲಿ ಇನ್ನೊಂದು ಥರ ಅನ್ನುವ ತಲೆನೋವು ನಿಧಾನಕ್ಕೆ ಬರಲಿ ಎಂದಿರಿ.

ಇನ್ನೊಂದು ಮಾತು ಇದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು. ಮಕ್ಕಳು ಸುಮ್ನೆ ಕೂತರೆ ಗದರಬೇಡಿ, ಬಾಯಿ ಬಿಡುವ ಮೊದಲು ಕೇಳಿಸಿಕೊಳ್ಳಲಿ, "ಸ್ಟ್ಯಾಂಡ್ ಅಪ್, ಟಚ್ ದ ಡೋರ್" ಅಂದರೆ ಎದ್ದು ಹೋಗಿ ಮುಟ್ಟಿ ಬಂದರೆ ಸಾಕು, ಅದೇ ಉತ್ತರ ಅಂದಿರಲ್ಲ, ಮಾಡಿಸಿದೆ. ಕಾಫಿ ತೋಟದ ಕೆಲಸಗಾರರ ಲೈನ್ ಮನೆಯಿಂದ ಬರುವ ಒಬ್ಬ ಹುಡುಗಿಗೆ ಮನೆಯಲ್ಲಿ ತಮಿಳು, ಕನ್ನಡವೇ ಎರಡನೇ ಭಾಷೆ. ಈಗ ಅವಳೇ ಟೀಚರ್ ಆಗಿ ನನಗೆ "ಸಿಟ್ ಡೌನ್" ಅನ್ನುತ್ತಾಳೆ. ಕೂರಲೇಬೇಕು, ಬಿಡುವುದಿಲ್ಲ.

ನಮ್ಮ ಟೀಚರ್ ತರಬೇತಿಯಲ್ಲೂ ಇದನ್ನೆಲ್ಲ ಹೇಳಿರಬಹುದು. ಊಟ ಆದ ಮೇಲಿನ ಕ್ಲಾಸು ಯಾರಿಗೆ ಕೇಳಿಸುತ್ತದೆ, ಅಲ್ವಾ?

ತುಂಬಾ ಥ್ಯಾಂಕ್ಸ್ ಮೇಡಂ. ಇದು ಕಣ್ಣಿಗೆ ಬಿದ್ದರೆ ಒಮ್ಮೆ ನಮ್ಮ ಶಾಲೆಗೆ ಬನ್ನಿ, ಆ ಆರು ಅಕ್ಷರ ಮುಗಿದಿವೆ, ಮುಂದಿನವು ಯಾವುವು ಅಂತ ಕೇಳುವುದಿದೆ.