ಹರಡಿನ ಮೂಳೆಗಳ ಚಿತ್ರ ಕಳುಹಿಸುವ ಸದಸ್ಯರ ಗಮನಕ್ಕೆ

ಮಾನ್ಯರೇ, ಉತ್ಖನನದಲ್ಲಿ ದೊರೆತ ಹಿಂಗಾಲಿನ ಹರಡಿನ ಮೂಳೆಯನ್ನು, ಅಂದರೆ ಆಸ್ಟ್ರಾಗಲಸ್ ಅನ್ನು, ಅಳತೆಪಟ್ಟಿಯ ಜೊತೆಗಿಟ್ಟು ಎಲ್ಲ ಬದಿಗಳಿಂದಲೂ ಚಿತ್ರ ತೆಗೆದು ಕಳುಹಿಸಬೇಕೆಂದು ವಿನಂತಿ. ದನ, ಕುರಿ, ಮೇಕೆ ಮೂರರಲ್ಲೂ ಇದರ ಎರಡೂ ತುದಿಗಳು ರಾಟೆಯ ಆಕಾರದಲ್ಲಿರುತ್ತವೆಯಾದರೂ, ದನದ್ದು ಸುಮಾರು 60 ಮಿ.ಮೀ. ಉದ್ದವಿದ್ದು ಉಳಿದೆರಡು ಅದರ ಅರ್ಧದಷ್ಟೇ ಇರುವುದರಿಂದ ಅದನ್ನು ಬೇರ್ಪಡಿಸುವುದು ಸುಲಭ. ನಿಜವಾದ ಕಷ್ಟವಿರುವುದು ಕುರಿ ಮೇಕೆಗಳ ನಡುವೆ. ಒಳಬದಿಯ ಮೇಲ್ತುದಿಯಲ್ಲಿ, ಹಿಂಭಾಗಕ್ಕಿರುವ ಮೂಲೆಯು ಕುರಿಯಲ್ಲಿ ದಪ್ಪಗೆ ಹೊರಚಾಚಿರುತ್ತದೆ. ಮೇಕೆಯಲ್ಲಿ ಅದು ಅಷ್ಟಾಗಿ ಎದ್ದು ಕಾಣುವುದಿಲ್ಲ. ಈ ಮೂಲೆ ಸವೆದಿದ್ದರೆ ಅಥವಾ ನಾಯಿ ಕಡಿದು ಹಾಳಾಗಿದ್ದರೆ, ಊಹಿಸಿ ಹೆಸರಿಸದೆ ‘ಕುರಿ ಅಥವಾ ಮೇಕೆ’ ಎಂದೇ ದಾಖಲಿಸಿ. ಬೂದಿಹಾಳದಂತಹ ನವಶಿಲಾಯುಗದ ನೆಲೆಗಳಲ್ಲಿ ದನದ ಮೂಳೆಗಳೇ ಹೆಚ್ಚಾಗಿರುವುದರಿಂದ, ಅಲ್ಲಿ ಒಂದೊಂದು ಕುರಿಮೂಳೆಯ ಗುರುತೂ ಅಮೂಲ್ಯವಾದುದು.