ಟೇಲರ್ ಹೌಸ್‌ನ ಆ ಬ್ಯಾರಿಸ್ಟರ್ ಮೇಡಂಗೆ

ಲಂಡನ್ನಿನ ಟೇಲರ್ ಹೌಸ್, ಅಂದರೆ ವಲಸೆ ಪ್ರಕರಣಗಳ ಟ್ರಿಬ್ಯೂನಲ್ (ನ್ಯಾಯಮಂಡಳಿ) ನಡೆಯುವ ಕಟ್ಟಡ. ನನ್ನ ವೀಸಾ ಮೇಲ್ಮನವಿಯ ವಿಚಾರಣೆ. 14 ದಿನದ ಗಡುವಿನೊಳಗೆ ಅರ್ಜಿ ಹಾಕಿದ್ದೆವು, ಅಷ್ಟೇ ಧೈರ್ಯ. ವಕೀಲರನ್ನು ಇಡಲು ದುಡ್ಡಿರಲಿಲ್ಲ. ನನ್ನ ಕೈ ನಡುಗುವುದನ್ನು ನೋಡಿ ಪಕ್ಕದಲ್ಲಿ ಬಂದು ಕೂತಿರಿ. ನೀವು ಬ್ಯಾರಿಸ್ಟರ್ ಅಂತ ಗೊತ್ತೇ ಆಗಲಿಲ್ಲ. ಈ ಟ್ರಿಬ್ಯೂನಲ್‌ನಲ್ಲಿ ವಿಗ್ಗು, ಗೌನು ಹಾಕಲ್ಲ, ಅಲ್ವಾ!

"ನೆನಪಿಲ್ಲದ್ದನ್ನು ನೆನಪಿಲ್ಲ ಅನ್ನಿ, ಸುಮ್ನೆ ಊಹಿಸಬೇಡಿ" ಅಂದಿರಿ. ಕಾಗದದ ಕಟ್ಟು ಬಿಚ್ಚಿಸಿದಿರಿ. ಮಗಳ ಶಾಲೆಯ ಪತ್ರ, ಇಬ್ಬರ ಹೆಸರಿನ ಬಾಡಿಗೆ ಕರಾರು ಎಲ್ಲಿವೆ ಎಂದು ಹುಡುಕಿ ಪುಟಸಂಖ್ಯೆ ಬರೆಸಿದಿರಿ. ಯುರೋಪಿನ ಮಾನವ ಹಕ್ಕುಗಳ ಒಪ್ಪಂದದ 8ನೇ ವಿಧಿ, ಅಂದರೆ ಕುಟುಂಬ ಜೀವನದ ಹಕ್ಕು, ಅದಕ್ಕೆ ಇವೇ ಸಾಕ್ಷಿ ಎಂದಿರಿ. ಅಷ್ಟರಲ್ಲಿ ನಿಮ್ಮ ಕಕ್ಷಿದಾರರನ್ನು ಕರೆದರು. ಓಡಿದಿರಿ. ಹೆಸರೂ ಕೇಳಲಿಲ್ಲ ನಾನು.

ತೀರ್ಪು ನಮ್ಮ ಪರ ಬಂತು. ಆ ಪುಟಸಂಖ್ಯೆಗಳು ಅದರಲ್ಲೂ ಇವೆ. ತುಂಬಾ ಥ್ಯಾಂಕ್ಸ್, ಮೇಡಂ.