‘ಹದಿನೈದು ದಿನ ಬಿಟ್ಟು ಬನ್ನಿ’ ಎನ್ನುವ ಮುನ್ನ

ಗುಂಪಿನ ವೈದ್ಯ ಮಿತ್ರರೇ,

ನಮ್ಮ ದಿನದ ಪಟ್ಟಿ ಉಕ್ಕಿ ಹರಿಯಲು ಹೊಸ ರೋಗಿಗಳಷ್ಟೇ ಕಾರಣರಲ್ಲ. ಕೈ ತಾನಾಗಿ ಬರೆದುಬಿಡುವ ‘ಹದಿನೈದು ದಿನ ಬಿಟ್ಟು ಬನ್ನಿ’ಯ ಪಾಲೂ ಇದೆ. (ನಾನೂ ಬರೆದವನೇ.)

ಮರುಭೇಟಿಯ ದಿನವನ್ನು ಕಾಯಿಲೆಯೇ ಹೇಳಲಿ. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಹೇಳುವುದು ಸುಮಾರು 3 ತಿಂಗಳ ರಕ್ತದ ಸಕ್ಕರೆಯ ಸರಾಸರಿ. ತಿಂಗಳಿಗೇ ಕರೆದು ಪರೀಕ್ಷಿಸಿದರೆ ಔಷಧ ಬದಲಿಸಿದ ಪರಿಣಾಮ ಪೂರ್ತಿ ಕಾಣುವುದಿಲ್ಲ. ಥೈರಾಯ್ಡ್ ಮಾತ್ರೆಯ ಪ್ರಮಾಣ ಬದಲಿಸಿದರೆ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆಯಲ್ಲಿ ಅಳೆಯುವ ಹಾರ್ಮೋನು) ನೆಲೆಗೆ ಬರಲು 6ರಿಂದ 8 ವಾರ ಬೇಕು. ರಕ್ತದೊತ್ತಡದ ಮಾತ್ರೆ ಬದಲಿಸಿದವರನ್ನು ಮಾತ್ರ ಸುಮಾರು 4 ವಾರಕ್ಕೆ ನೋಡಲೇಬೇಕು. ಅವರು ಮನೆಯಲ್ಲಿ ಅಳೆದು ಬರೆದಿಟ್ಟರೆ ಫೋನಿನಲ್ಲೇ ಎಷ್ಟೋ ಕೆಲಸ ಮುಗಿಯುತ್ತದೆ.

ವರದಿ ಸರಿಯಿದ್ದರೆ ಒಂದು ಸಂದೇಶ ಸಾಕು, ಆದರೆ ಅದನ್ನು ಕಳಿಸಲೇಬೇಕು. ‘ಏನೂ ತಿಳಿಸದಿದ್ದರೆ ಎಲ್ಲ ಸರಿ ಅಂದುಕೊಳ್ಳಿ’ ಎನ್ನುವುದು ಅಪಾಯ. ಕಳೆದುಹೋದ ವರದಿಯೂ ಹಾಗೇ ಮೌನವಾಗಿರುತ್ತದೆ.

ಅನುಮಾನದ ಗಂಟು, ಕಾರಣವಿಲ್ಲದೆ ಇಳಿದ ತೂಕ, ಖಿನ್ನತೆಗೆ ಹೊಸದಾಗಿ ಔಷಧ ಶುರುಮಾಡಿದವರು: ಇಲ್ಲಿ ಜಿಪುಣತನ ಬೇಡ. ಇವರು ಹೊರಡುವ ಮೊದಲೇ ದಿನಾಂಕ ಕೊಟ್ಟು ಕಳಿಸಿ, ಬಾರದಿದ್ದರೆ ನಾವೇ ಕರೆ ಮಾಡೋಣ. ಸಾಧ್ಯವಾದಷ್ಟೂ ಮೊದಲು ನೋಡಿದ ವೈದ್ಯರೇ ಮತ್ತೆ ನೋಡಲಿ. ಕಥೆಯನ್ನು ಮತ್ತೆ ಮೊದಲಿನಿಂದ ಕೇಳುವ ಸಮಯವಾದರೂ ಉಳಿತಾಯವಾಗುತ್ತದೆ.

ನಿಮ್ಮಲ್ಲಿ ಯಾವ ಮರುಭೇಟಿ ಸುಮ್ಮನೆ ನಡೆಯುತ್ತಿದೆ? ಇಲ್ಲೇ ಬರೆಯಿರಿ. ರೋಗಿಗಳ ಹೆಸರು, ವರದಿಯ ಫೋಟೊ ಮಾತ್ರ ಹಾಕಬೇಡಿ.